ಹೊಳೆ ಪಕ್ಕದ ಅಪ್ಪನ ಮನೆ ಮಾರಬೇಕಾಗಿದೆ. ಕೆಡವದವರ ಕೈಗೆ ಕೊಡೋದು ಹೇಗೆ?

ಹೊಳೆಕರೆ ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಹತ್ತಿರ ಕಾವೇರಿ ದಡದಲ್ಲಿ ನಮ್ಮದೊಂದು ಹಳೇ ಮನೆ ಇದೆ. ಮನೆ, ತೋಟ ಎಲ್ಲಾ ಸೇರಿ ಮೂರು ಎಕರೆ ಚಿಲ್ಲರೆ. ಅಮ್ಮನಿಗೆ ಈಗ ಎಂಬತ್ತೊಂದು. ಅವರನ್ನು ಮೈಸೂರಿಗೆ ಕರೆದುಕೊಂಡು ಬಂದಿದ್ದೇನೆ. ತಮ್ಮ ಕೆನಡಾದಲ್ಲಿದ್ದಾನೆ. ಮನೆಗೆ ಬೀಗ ಹಾಕಿ ಒಂದು ಮಳೆಗಾಲ ಕಳೆದರೆ ಏನಾಗುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮಾರುವುದು ಅಂತ ಮೂವರೂ ಕೂತು ತೀರ್ಮಾನ ಮಾಡಿದ್ದೇವೆ.

ಅಪ್ಪ ಆರ್ಕಿಟೆಕ್ಟ್. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ 1974ರಲ್ಲಿ ಇದನ್ನು ಕೊಂಡರು. ಮೊದಲು ಒಬ್ಬ ಪ್ಲಾಂಟರ್ ಕಟ್ಟಿಸಿದ ಬಂಗಲೆ. ದಪ್ಪ ಗೋಡೆ, ಮಂಗಳೂರು ಹಂಚು, ಕೆಂಪು ರೆಡ್ ಆಕ್ಸೈಡ್ ನೆಲ. ಅಪ್ಪ ಮನೆಯೊಳಗೆ ಬದಲಿಸಿದ್ದು ಒಂದೇ ಒಂದು ಕಿಟಕಿ. ಹೊಳೆ ಕಡೆಯ ಕೋಣೆಯಲ್ಲಿ ಅದನ್ನು ನೆಲದಿಂದ ಒಂದೂವರೆ ಅಡಿಗೆ ಇಳಿಸಿದರು. ನಮ್ಮ ಅಜ್ಜಿ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಚಾಪೆ ಮೇಲೆ ಕೂತು ಅಡಿಕೆ ಹೆರೆಯುವಾಗ ಅವರಿಗೂ ಹೊಳೆ ಕಾಣಬೇಕು ಅಂತ.

ಅವರ ನಿಜವಾದ ಕೆಲಸ ಇರುವುದು ತೋಟದಲ್ಲಿ. ಮನೆಯಿಂದ ನೀರಿನವರೆಗೆ ನಾಲ್ಕು ಹಂತ ಮಾಡಿದ್ದಾರೆ. ಮೊದಲನೆಯದು ಅಂಗಳ. ಎರಡನೆಯದರಲ್ಲಿ ಕಿತ್ತಳೆ, ಕಾಚಂಪುಳಿ, ಒಂದು ಸಂಪಿಗೆ. ಮೂರನೆಯದು ಬರೀ ಹುಲ್ಲು. ಕೊನೆಯದರಲ್ಲಿ ಹೊಳೆಮತ್ತಿ, ಹೊಳೆದಾಸವಾಳ, ಬಿದಿರು. ಅಲ್ಲಿ ಒಂದು ಬೆಂಚನ್ನೂ ಹಾಕಲು ಬಿಡಲಿಲ್ಲ. ಕಟ್ಟೆಗಳಿಗೆ ಸಿಮೆಂಟ್ ಇಲ್ಲ. ಕಲ್ಲಿನ ಸಂದಿಯಲ್ಲಿ ನೀರು ಇಳಿದು ಹೋಗಲಿ ಅಂತ ಹಾಗೇ ಜೋಡಿಸಿದ್ದಾರೆ.

2019ರ ಆಗಸ್ಟ್‌ನಲ್ಲಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯಲ್ಲಿ ಎಷ್ಟೋ ಜನ ಮನೆ ಕಳೆದುಕೊಂಡರು. ನಮ್ಮಲ್ಲಿ ನೀರು ಮೂರನೇ ಹಂತ ಮುಳುಗಿಸಿ, ಎರಡನೆಯದರ ಕಟ್ಟೆ ಮುಟ್ಟಿ ನಿಂತಿತು. ಎರಡು ದಿನದ ಮೇಲೆ ಹುಲ್ಲಿನ ಮೇಲೆ ಒಂದು ಗೇಣು ಕೆಸರು ಬಿಟ್ಟು ಇಳಿಯಿತು. ಒಂದು ಕಲ್ಲೂ ಜಾರಲಿಲ್ಲ. ಮೆಟ್ಟಿಲ ಪಕ್ಕ ಒಂದು ಕಲ್ಲುಕಂಬ ಇದೆ. ನೀರು ಜಾಸ್ತಿ ಬಂದ ವರ್ಷ ಅಪ್ಪ ಅದರ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು ಇಸವಿ ಬರೆಯುತ್ತಿದ್ದರು. 2018 ಮತ್ತು 2019 ನನ್ನ ಕೈಬರಹ. ಅಷ್ಟು ಹೊತ್ತಿಗೆ ಅಪ್ಪ ಇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿವರೆಗೆ ಇಬ್ಬರು ಬಂದು ನೋಡಿದ್ದಾರೆ. ಒಬ್ಬರು ಮನೆಯೊಳಗೆ ಕಾಲೇ ಇಡಲಿಲ್ಲ. "ಕಟ್ಟಡಕ್ಕೆ ಬೆಲೆ ಇಲ್ಲ ಮೇಡಂ, ಜಾಗಕ್ಕೆ ಮಾತ್ರ" ಅಂದರು. ಮೂರನೇ ಹಂತದಲ್ಲಿ ಕಾಟೇಜ್ ಸಾಲು, ಹೊಳೆಗೆ ಅಡ್ಡ ಕಾಂಕ್ರೀಟ್ ಗೋಡೆ ಅವರ ಯೋಜನೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇನ್ನೊಬ್ಬರು ಒಳ್ಳೆಯವರ ಹಾಗೆ ಕಂಡರು, ಆದರೆ ಮತ್ತೆ ಫೋನ್ ಮಾಡಲಿಲ್ಲ. ಹಂಚಿನ ಮೇಲೆ 1865 ಅಂತ ಇರುವುದರಿಂದ ಬ್ರೋಕರ್ "160 ವರ್ಷದ ಬಂಗಲೆ" ಅಂತ ಜಾಹೀರಾತು ಹಾಕಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಮನೆ ಕೆಡವಬಾರದು, ಹೊಳೆ ಕಡೆ ಗೋಡೆ ಕಟ್ಟಬಾರದು ಅಂತ ಕ್ರಯಪತ್ರದಲ್ಲಿ ಬರೆಸಬಹುದಾ? ಬರೆಸಿದರೆ ನಿಲ್ಲುತ್ತದಾ? ಕಾಗದಪತ್ರ ಏನೇನು ಸರಿ ಮಾಡಿಟ್ಟುಕೊಳ್ಳಬೇಕು?

ಹಳೇಹಂಚು ಬರೆದಿದ್ದು:

ಅಕ್ಕ, ಮೊದಲು ಆ ಜಾಹೀರಾತು ತೆಗೆಸಿ. 1865 ಮನೆ ಕಟ್ಟಿದ ವರ್ಷ ಅಲ್ಲ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಆಮೇಲೆ ಎಷ್ಟೋ ವರ್ಷ ಅದೇ ಇಸವಿಯನ್ನೇ ಒತ್ತುತ್ತಿದ್ದರು. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು. ಒಂದೆರಡು ಹಂಚು ತೆಗೆಸಿ, ತಿರುಗಿಸಿ ನೋಡಿ. ಯಾವ ಹೆಸರಿದೆ ಅನ್ನುವುದರ ಮೇಲೆ ಚಾವಣಿಯ ಕಾಲ ಸ್ವಲ್ಪ ಗೊತ್ತಾಗುತ್ತದೆ. ಹಂಚು ನಡುವೆ ಬದಲಾಗಿರಲೂಬಹುದು, ಅದಕ್ಕೇ ಹಳೇ ಕ್ರಯಪತ್ರವನ್ನೂ ನೋಡಬೇಕು. ಹಳೇ ಮನೆ ಬಗ್ಗೆ ಗೊತ್ತಿರುವ ಗಿರಾಕಿ ಬಂದು ಈ ತಪ್ಪು ಕಂಡರೆ ನೀವು ಹೇಳುವ ಮಿಕ್ಕಿದ್ದನ್ನೂ ನಂಬುವುದಿಲ್ಲ. ನಿಮಗೆ ಬೇಕಾಗಿರುವುದು ಅಂಥವರೇ ಅಲ್ವಾ?

ನಿವೃತ್ತ ಸರ್ವೇಯರ್ ಬರೆದಿದ್ದು:

ಮೇಡಂ, ಕಾಗದದ ವಿಷಯ ಹೇಳುತ್ತೇನೆ. ಪಹಣಿ ಇನ್ನೂ ತಂದೆಯವರ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ಖಾತೆ ವಾರಸುದಾರರ ಹೆಸರಿಗೆ ಬರಲಿ. ತಮ್ಮ ಬರಲು ಆಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಜಿಪಿಎ (ತನ್ನ ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ಕಳಿಸಲಿ. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಇದನ್ನು ಮರೆತು ಆಮೇಲೆ ಓಡಾಡುವವರು ಬಹಳ.

ಕೊಡಗಿನಲ್ಲಿ ಎಲ್ಲಕ್ಕಿಂತ ಮೊದಲು ಜಾಗ ಯಾವ ಬಾಬ್ತು ಅಂತ ನೋಡಬೇಕು. ಜಮ್ಮ (ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿ) ಆಗಿದ್ದರೆ ಒಕ್ಕದ, ಅಂದರೆ ಇಡೀ ಮನೆತನದ, ಹಕ್ಕುದಾರರ ಪ್ರಶ್ನೆ ಬರುತ್ತದೆ. ಪ್ಲಾಂಟರ್‌ನಿಂದ ಬಂದಿದ್ದು ಅಂದರೆ ಬೇರೆ ಇರಬಹುದು, ಆದರೂ ಹಿಂದಿನ ಪತ್ರಗಳನ್ನೆಲ್ಲ ಸಾಲಾಗಿ ಜೋಡಿಸಿ. ರಿಡೀಮ್ಡಾ, ಅನ್‌ರಿಡೀಮ್ಡಾ ನೋಡಿ. ಅನ್‌ರಿಡೀಮ್ಡ್ ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿಲ್ಲ ಅಂತ. ಬೀಟೆ ಮರ ತೋರಿಸಿ ಬೆಲೆ ಹೇಳುವ ಮೊದಲು ಇದು ಗೊತ್ತಿರಬೇಕು.

ಇನ್ನೊಂದು. ಹೊಳೆ ದಡದ ಜಾಗದಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಎಷ್ಟಿದೆ ಅಂತ ಅಳೆಸಿ. ಅದು ಸರ್ಕಾರದ್ದು, ಮಾರಲು ಬರುವುದಿಲ್ಲ. ನಿಮ್ಮ ನಾಲ್ಕನೇ ಹಂತದಲ್ಲಿ ಸ್ವಲ್ಪ ಭಾಗ ಅದರಲ್ಲಿ ಬಿದ್ದರೂ ಆಶ್ಚರ್ಯ ಇಲ್ಲ.

ಮಡಿಕೇರಿ ವಕೀಲ ಬರೆದಿದ್ದು:

ಷರತ್ತಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಜಾಗ ಮಾರಿ "ಮನೆ ಕೆಡವಬಾರದು" ಅಂತ ಕ್ರಯಪತ್ರದಲ್ಲಿ ಬರೆಸಿದರೆ ನಿಲ್ಲುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 11ನೇ ಕಲಂ ಪ್ರಕಾರ, ಪೂರ್ಣ ಹಕ್ಕು ಕೊಟ್ಟ ಮೇಲೆ ಆಸ್ತಿಯನ್ನು ಹೀಗೇ ಅನುಭವಿಸು ಅಂತ ಕೊಂಡವರಿಗೆ ಹೇಳಲು ಆಗದು.

ಆದರೆ ಅದೇ ಕಲಂನಲ್ಲಿ ಒಂದು ದಾರಿ ಇದೆ. ನೀವು ಪಕ್ಕದಲ್ಲೇ ಒಂದು ತುಂಡು ಜಾಗ ನಿಮ್ಮ ಹೆಸರಿನಲ್ಲೇ ಇಟ್ಟುಕೊಂಡು, ಆ ತುಂಡಿನ ಅನುಭವಕ್ಕೆ ತೊಂದರೆ ಆಗಬಾರದು ಅಂತ ಮಾರಿದ ಜಾಗದ ಮೇಲೆ ಷರತ್ತು ಹಾಕಿದರೆ, ಅದಕ್ಕೆ ಬಲ ಇದೆ. ಹೊಳೆ ಕಡೆ ಗೋಡೆ ಎದ್ದರೆ ನೀರು ನಿಮ್ಮ ತುಂಡಿನ ಮೇಲೆ ತಿರುಗುತ್ತದೆ ಅನ್ನುವುದು ಗಟ್ಟಿ ಕಾರಣ. ಕಂಬದ ಮೇಲಿನ ಆ ಇಸವಿಗಳ ಫೋಟೋ ಅಳತೆ ಸಮೇತ ತೆಗೆದಿಡಿ. ಮನೆಯ ವಿಷಯದಲ್ಲಿ ಈ ವಾದ ಅಷ್ಟು ಸುಲಭ ಅಲ್ಲ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಮನೆ ಉಳಿಯಲೇಬೇಕು ಅಂದರೆ ಮಾರದೆ ದೀರ್ಘ ಅವಧಿಗೆ ಲೀಸ್ ಕೊಡಿ. ವರ್ಷ ಮೀರಿದ ಲೀಸ್ ನೋಂದಣಿ ಆಗಲೇಬೇಕು. ಇಂಟ್ಯಾಕ್‌ನವರ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಿದರೆ ಗೌರವ ಸಿಗುತ್ತದೆ, ಕಾನೂನಿನ ರಕ್ಷಣೆ ಸಿಗುವುದಿಲ್ಲ. ಪತ್ರದ ಕರಡು ಮಾತ್ರ ಸಿವಿಲ್ ನೋಡುವ ವಕೀಲರ ಕೈಯಲ್ಲೇ ಬರೆಸಿ.

ಹಟ್ಟಿಹೊಳೆ ಬರೆದಿದ್ದು:

ನಾವು ಆರು ವರ್ಷದ ಹಿಂದೆ ಮಾದಾಪುರ ಕಡೆ ಹಳೇ ಮನೆ ಕೊಂಡವರು. ಕೊಳ್ಳುವವರ ಕಡೆಯಿಂದ ಒಂದು ಮಾತು. 2018ರ ಭೂಕುಸಿತ ನೋಡಿದ ಮೇಲೆ ನಮಗೆ ಇದ್ದ ಹೆದರಿಕೆ ಒಂದೇ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ. ಮಾರುವವರು ಯಾರೂ ಅದನ್ನು ಹೇಳುತ್ತಿರಲಿಲ್ಲ. ಬೇಸಿಗೆಯಲ್ಲಿ ತೋರಿಸಿ, ಹೂವಿನ ಫೋಟೋ ಕಳಿಸುತ್ತಿದ್ದರು. ಅಕ್ಕ, ನೀವು ಮಳೆಗಾಲದ ಫೋಟೋ ಹಾಕಿ. ಕೆಸರು ತುಂಬಿದ ಆ ಹುಲ್ಲು, ಕಂಬದ ಗೆರೆ, ಎಲ್ಲಾ. ನಿಮ್ಮ ತಂದೆಯವರ ನಕ್ಷೆ ಇದ್ದರೆ ಅದನ್ನೂ. ಹಂತಗಳು ಯಾಕೆ ಹಾಗಿವೆ ಅಂತ ಗೊತ್ತಾದರೆ ಗೋಡೆ ಕಟ್ಟುವ ಯೋಚನೆ ಬರುವುದೇ ಕಡಿಮೆ.

ಹೊಳೆಕರೆ ಬರೆದಿದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಮೂರು ದಿನ ಊರಿಗೆ ಹೋಗಿದ್ದೆ, ಅದಕ್ಕೆ ತಡ ಆಯಿತು.

ಹಂಚು ತೆಗೆಸಿ ನೋಡಿದೆ. ಮುಂದಿನ ಚಾವಣಿಯಲ್ಲಿ ಬಾಸೆಲ್ ಮಿಷನ್, ಅಡುಗೆಮನೆ ಮೇಲೆ ಪೂರ್ತಿ ಕಾಮನ್‌ವೆಲ್ತ್ ಟ್ರಸ್ಟ್. ಅಡುಗೆಮನೆ ಆಮೇಲೆ ಸೇರಿಸಿದ್ದು ಅಂತ ಅಮ್ಮ ಯಾವಾಗಲೂ ಹೇಳುತ್ತಿದ್ದರು, ನಾನು ಗಮನ ಕೊಟ್ಟಿರಲಿಲ್ಲ. ಜಾಹೀರಾತು ತೆಗೆಸಿದ್ದೇನೆ.

ಅಪ್ಪನ ನಕ್ಷೆಗಳು ಕಪಾಟಿನ ಮೇಲೆ ತಗಡಿನ ಕೊಳವೆಯಲ್ಲಿದ್ದವು. ಅಂಚು ಸ್ವಲ್ಪ ಗೆದ್ದಲು ತಿಂದಿದೆ. ತೋಟದ ನಕ್ಷೆಯಲ್ಲಿ ನಾಲ್ಕನೇ ಹಂತದ ಮೇಲೆ ಪೆನ್ಸಿಲ್‌ನಲ್ಲಿ "ಬಿಟ್ಟಿದ್ದು" ಅಂತ ಒಂದೇ ಪದ ಬರೆದಿದ್ದಾರೆ. ತಮ್ಮನಿಗೆ ಫೋಟೋ ಕಳಿಸಿದೆ. ಆ ತುಂಡನ್ನು ನಾವೇ ಇಟ್ಟುಕೊಳ್ಳೋಣ ಅಂತ ಅವನೇ ಹೇಳಿದ.

ಸರ್ವೇಯರ್ ಸರ್, ಅಷ್ಟು ಭಾಗ ಮಾತ್ರ ಬಿಟ್ಟು ಮಾರಲು ಬೇರೆ ನಕ್ಷೆ ಬೇಕಾ?

ನಿವೃತ್ತ ಸರ್ವೇಯರ್ ಬರೆದಿದ್ದು:

ಬೇಕು ಮೇಡಂ. ಒಂದು ಸರ್ವೆ ನಂಬರಿನಲ್ಲಿ ಭಾಗ ಮಾರುವಾಗ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ಸರ್ವೆ ಇಲಾಖೆ ಕೊಡುವ ನಕ್ಷೆ) ಇಲ್ಲದೆ ನೋಂದಣಿ ಆಗುವುದಿಲ್ಲ. ಅರ್ಜಿ ಹಾಕುವಾಗಲೇ ನಿಮ್ಮ ತುಂಡಿಗೆ ಓಡಾಡುವ ದಾರಿಯನ್ನು ನಕ್ಷೆಯಲ್ಲಿ ತೋರಿಸಲು ಹೇಳಿ, ಕ್ರಯಪತ್ರದಲ್ಲೂ ಬರೆಸಿ. ಇಲ್ಲದಿದ್ದರೆ ನಾಳೆ ನಿಮ್ಮ ಜಾಗಕ್ಕೆ ನೀವೇ ದೋಣಿಯಲ್ಲಿ ಬರಬೇಕಾಗುತ್ತದೆ. ಅಳತೆಗೆ ಬರುವ ದಿನ ನೀವೇ ಇರಿ.

ಹೊಳೆಕರೆ ಬರೆದಿದ್ದು:

ದಾರಿ ಮೆಟ್ಟಿಲ ಮೂಲಕವೇ ತೋರಿಸುತ್ತೇನೆ, ಆ ಕಲ್ಲುಕಂಬವೂ ನಮ್ಮ ಕಡೆಗೇ ಬರುವ ಹಾಗೆ. ಅಳತೆಯ ದಿನ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ. ಗಡಿಕಲ್ಲು ಎಲ್ಲೆಲ್ಲಿವೆ ಅಂತ ಅವರಿಗೇ ಸರಿಯಾಗಿ ಗೊತ್ತಿರುವುದು.