‘ಕೋರ್ಸ್ ರಿಸರ್ವ್’: ಮೀಸಲೋ, ಎತ್ತಿಟ್ಟದ್ದೋ, ತಾಸಿನ ಎರವಲೋ?

ಎಲ್ಲರಿಗೂ ನಮಸ್ಕಾರ.

ಒಂದು ಬೋರ್ಡ್ ಬರೆಸಬೇಕಾಗಿದೆ. ಅದಕ್ಕೆ ಸರಿಯಾದ ಪದ ಬೇಕು. ಒಂದು ತಿಂಗಳಿಂದ ಇದನ್ನೇ ಯೋಚಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಪುಸ್ತಕ ಕೊಡುವ, ವಾಪಸ್ ತೆಗೆದುಕೊಳ್ಳುವ ಕೌಂಟರ್ ನನ್ನದು. ಈ ಸೆಮಿಸ್ಟರಿನಿಂದ ನಮ್ಮಲ್ಲಿ ‘ಕೋರ್ಸ್ ರಿಸರ್ವ್’ ಶುರುವಾಗಿದೆ. ಪಾಠ ಮಾಡುವವರು ಮೊದಲೇ ಒಂದು ಪಟ್ಟಿ ಕೊಡುತ್ತಾರೆ. ಆ ಪುಸ್ತಕಗಳನ್ನು ನಾವು ರ‍್ಯಾಕಿನಿಂದ ತೆಗೆದು, ಕೌಂಟರಿನ ಹಿಂದಿನ ಬೀರುವಿನಲ್ಲಿ ಇಡುತ್ತೇವೆ. ಕೇಳಿದವರಿಗೆ ಎರಡು ಗಂಟೆ ಮಟ್ಟಿಗೆ ಕೊಡುತ್ತೇವೆ. ಅಲ್ಲೇ ಕೂತು ಓದಬೇಕು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಬಂದರೆ ಮನೆಗೂ ಒಯ್ಯಬಹುದು, ಬೆಳಗ್ಗೆ ಬಾಗಿಲು ತೆರೆಯುತ್ತಿದ್ದಂತೆ ತಂದುಕೊಡಬೇಕು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದು ಹಳೆಯ ಪದ್ಧತಿ. ನಮಗೆ ಹೊಸದು.

ಇದು ಯಾಕೆ ಬೇಕು ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಒಂದು ತರಗತಿಯಲ್ಲಿ 60 ಮಕ್ಕಳು, ಪುಸ್ತಕದ ಪ್ರತಿ 3. ಹದಿನೈದು ದಿನದ ಲೆಕ್ಕದಲ್ಲಿ ಕೊಟ್ಟರೆ, ನಾಲ್ಕು ತಿಂಗಳ ಸೆಮಿಸ್ಟರಿನಲ್ಲಿ ಹೆಚ್ಚೆಂದರೆ 24 ಮಕ್ಕಳ ಕೈಗೆ ಸಿಗುತ್ತದೆ. ಉಳಿದ 36 ಮಕ್ಕಳು ಆ ಪುಸ್ತಕದ ಮುಖ ನೋಡದೆ ಪರೀಕ್ಷೆ ಬರೆಯುತ್ತಾರೆ. ಎರಡು ಗಂಟೆಯ ಲೆಕ್ಕದಲ್ಲಿ ಕೊಟ್ಟರೆ ದಿನಕ್ಕೆ 12 ಜನ, ಐದೇ ದಿನದಲ್ಲಿ ಇಡೀ ತರಗತಿ. ನಾನು ಎಂ.ಎ. ಓದುವಾಗ ಈ ಏರ್ಪಾಡು ಇರಲಿಲ್ಲ. ಹಳಗನ್ನಡದ ಒಂದು ಕಾವ್ಯಕ್ಕೆ ಟೀಕೆ ಇದ್ದ ಪ್ರತಿ ನಮ್ಮ ಕಾಲೇಜಿನಲ್ಲಿ ಒಂದೇ ಒಂದು ಇತ್ತು. ಪರೀಕ್ಷೆ ಹತ್ತಿರ ಬಂದಾಗ ಅದು ಕಾಣೆಯಾಯಿತು. ಯಾರೂ ಇಶ್ಯೂ ಮಾಡಿಸಿಕೊಂಡಿರಲಿಲ್ಲ. ಬೇಸಿಗೆ ರಜೆಯಲ್ಲಿ ಕಪಾಟು ಒರೆಸುವಾಗ ಸಸ್ಯಶಾಸ್ತ್ರದ ಪುಸ್ತಕಗಳ ಹಿಂದೆ ಸಿಕ್ಕಿತು. ಯಾರೋ ತಮಗೆ ಮಾತ್ರ ಸಿಗಲಿ ಅಂತ ಅಲ್ಲಿ ತುರುಕಿದ್ದರು. ಅದಕ್ಕೇ ಈ ಹೊಸ ಬೀರು ನನಗೆ ಬರೀ ಆಫೀಸ್ ಕೆಲಸವಲ್ಲ.

ಈಗ ಪದದ ವಿಷಯಕ್ಕೆ ಬರುತ್ತೇನೆ.

ಮೊದಲು ನಾವು ಹಾಕಿದ ಬೋರ್ಡ್ ‘ಮೀಸಲು ಪುಸ್ತಕಗಳು’. ನಿಘಂಟಿನ ಪ್ರಕಾರ ತಪ್ಪೇನಿಲ್ಲ. ರಿಸರ್ವ್ ಅಂದರೆ ಮೀಸಲು, ಮುಗಿಯಿತು. ಬೋರ್ಡ್ ಹಾಕಿದ ಎರಡನೇ ದಿನ ಮೊದಲ ವರ್ಷದ ಹುಡುಗಿಯೊಬ್ಬಳು ಬಂದು ಮೆಲ್ಲಗೆ ಕೇಳಿದಳು: ‘ಮೇಡಂ, ಇದು ನಮಗೂ ಕೊಡ್ತೀರಾ, ಅಥವಾ ಎಸ್‌ಸಿ ಎಸ್‌ಟಿ ಅವರಿಗೆ ಮಾತ್ರನಾ?’ ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಪಕ್ಕದ ಬೀರುವೇ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳ ಬುಕ್ ಬ್ಯಾಂಕ್. ಅಲ್ಲಿ ಪುಸ್ತಕವನ್ನು ಸೆಮಿಸ್ಟರ್ ಪೂರ್ತಿ ಕೊಡುತ್ತೇವೆ. ‘ಮೀಸಲು’ ಅಂದ ಕೂಡಲೇ ಅವಳಿಗೆ ಮೀಸಲಾತಿ ನೆನಪಾಗಿದೆ. ಅವತ್ತಿನಿಂದ ನಾನು ಗಮನಿಸುತ್ತಿದ್ದೇನೆ. ಎಷ್ಟೋ ಮಕ್ಕಳು ಬೋರ್ಡ್ ಓದಿ, ತಮಗಲ್ಲ ಅಂದುಕೊಂಡು ಹಾಗೇ ಹೋಗುತ್ತಾರೆ. ಕೇಳುವ ಧೈರ್ಯ ಇರುವವರು ಕಡಿಮೆ.

ಆಮೇಲೆ ಮೀಸಲು ಎಲ್ಲೆಲ್ಲಿ ಬರುತ್ತದೆ ಅಂತ ನೋಡಿದೆ. ಮೀಸಲು ಅರಣ್ಯ: ಒಳಗೆ ಹೋಗುವ ಹಾಗಿಲ್ಲ. ಮೀಸಲು ಪಡೆ: ಬೇಕಾದಾಗ ಮಾತ್ರ ಹೊರಗೆ ಬರುತ್ತದೆ. ಮೀಸಲು ನಿಧಿ: ಸುಮ್ನೆ ಮುಟ್ಟಬಾರದು. ಬಸ್ಸಿನಲ್ಲಿ ‘ಮಹಿಳೆಯರಿಗೆ ಮೀಸಲು’: ಗಂಡಸರು ಏಳಬೇಕು. ಇನ್ನೂ ಹಿಂದೆ ಹೋದರೆ ಹಳ್ಳಿಯ ಮೀಸಲು ಇದೆ. ದೇವರಿಗೆ ಅಂತ ಮೊದಲೇ ತೆಗೆದು, ಯಾರೂ ಎಂಜಲು ಮಾಡದೆ, ಮುಟ್ಟದೆ ಕಾಪಾಡಿದ್ದು. ಮೀಸಲು ಮುರಿಯುವುದು ದೊಡ್ಡ ತಪ್ಪು. ಎಲ್ಲ ಕಡೆಯೂ ಒಳಗಿನ ಅರ್ಥ ಒಂದೇ: ಬೇರೆಯವರು ಮುಟ್ಟಬೇಡಿ. ನಮ್ಮ ಬೀರುವಿನ ಪುಸ್ತಕ ಇದಕ್ಕೆ ತದ್ವಿರುದ್ಧ. ಗ್ರಂಥಾಲಯದಲ್ಲೇ ಅತಿ ಜಾಸ್ತಿ ಮುಟ್ಟಿಸಿಕೊಳ್ಳಬೇಕಾದ ಪುಸ್ತಕಗಳು ಅವು.

ಗ್ರಂಥಾಲಯ ಹೇಗೆ ನಡೆಯಬೇಕು ಅನ್ನುವುದಕ್ಕೆ ಎಸ್. ಆರ್. ರಂಗನಾಥನ್ ಅವರು ಹೇಳಿದ ಐದು ಸೂತ್ರಗಳು ಬಂದಿದ್ದು 1931ರಲ್ಲಿ. ಅವರು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದವರು. ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದರು, 1962ರಲ್ಲಿ ಇಲ್ಲೇ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದರು. ಅವರ ಮೊದಲ ಸೂತ್ರ: ಪುಸ್ತಕ ಇರುವುದು ಬಳಸಲಿಕ್ಕೆ. ನಾಲ್ಕನೆಯದು: ಓದುಗರ ಸಮಯ ಉಳಿಸಿ. ನಮ್ಮ ಬೀರು ಈ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಆದರೆ ಅದರ ಮೇಲಿನ ಪದವೇ ಓದುಗರನ್ನು ದೂರ ತಳ್ಳಿದರೆ ಹೇಗೆ?

ಮುಂದಿನದು ‘ಕಾಯ್ದಿರಿಸಿದ ಪುಸ್ತಕ’. ರೈಲಿನ ಸೀಟಿಗೆ ಬಳಸಿ ಬಳಸಿ ಈ ಪದ ಎಲ್ಲರಿಗೂ ಗೊತ್ತಿದೆ. ತೊಂದರೆ ಏನೆಂದರೆ, ಗ್ರಂಥಾಲಯದಲ್ಲಿ ಇದಕ್ಕೆ ಆಗಲೇ ಬೇರೆ ಕೆಲಸ ಇದೆ. ಯಾರೋ ಒಯ್ದಿರುವ ಪುಸ್ತಕ ವಾಪಸ್ ಬಂದಾಗ ನನಗೆ ಕೊಡಿ ಅಂತ ಹೆಸರು ಬರೆಸುತ್ತೇವಲ್ಲ, ಅದಕ್ಕೂ ‘ರಿಸರ್ವ್ ಮಾಡಿ’ ಅಂತಲೇ ಹೇಳುವುದು. ಅದು ಒಬ್ಬರಿಗೆ ಒಂದು ಪುಸ್ತಕ. ಇದು ಇಡೀ ತರಗತಿಗೆ. ಒಂದರಲ್ಲಿ ಓದುಗರು ಕಾಯುತ್ತಾರೆ, ಇನ್ನೊಂದರಲ್ಲಿ ಪುಸ್ತಕ ಕಾಯುತ್ತದೆ.

ಈ ಗೊಂದಲ ಇಂಗ್ಲಿಷಿನಲ್ಲೂ ಇದೆ ಅಂತ ನನಗೆ ಗೊತ್ತಾಗಿದ್ದು ಕೋಹಾದಿಂದ. ನಮ್ಮ ಗ್ರಂಥಾಲಯ ನಡೆಯುವುದು ಈ ಸಾಫ್ಟ್‌ವೇರಿನಲ್ಲೇ. ನ್ಯೂಜಿಲೆಂಡಿನ ಒಂದು ಸಣ್ಣ ಸಾರ್ವಜನಿಕ ಗ್ರಂಥಾಲಯಕ್ಕಾಗಿ ಮಾಡಿದ್ದು, 2000ದ ಜನವರಿಯಲ್ಲಿ ಬಳಕೆಗೆ ಬಂತು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಕೋಹಾ ಅಂದರೆ ಅಲ್ಲಿನ ಮಾವೊರಿ ಭಾಷೆಯಲ್ಲಿ ಉಡುಗೊರೆ. ಕೊಟ್ಟವರಿಗೆ ಮುಂದೆ ನಾವೂ ಕೊಡಬೇಕು ಅನ್ನುವ ನಂಟು ಇರುವ ಉಡುಗೊರೆ, ನಮ್ಮ ಮುಯ್ಯಿಯ ಹಾಗೆ. ಈ ಕೋಹಾದ ಪರದೆಯ ಮೇಲೆ ಹೆಸರು ಬರೆಸುವುದಕ್ಕೆ ‘ಹೋಲ್ಡ್’ ಅಂತ ಇದೆ. ಆದರೆ ಒಳಗಿನ ಕಡತದಲ್ಲಿ ಅದೇ ಸಂಗತಿಗೆ ‘ರಿಸರ್ವ್ಸ್’ ಅಂತ ಹೆಸರು. ಕೋರ್ಸ್ ರಿಸರ್ವ್‌ಗೆ ಬೇರೆಯದೇ ಇನ್ನೊಂದು ಕಡತ. ಎರಡನ್ನೂ ಕನ್ನಡಕ್ಕೆ ತರುವವರು ಸುಮ್ನೆ ‘ಕಾಯ್ದಿರಿಸು’ ಅಂತ ಹಾಕಿದರೆ ಕೌಂಟರಿನಲ್ಲಿ ಕೂತವರ ಗತಿ ಏನು? ಹೋಲ್ಡ್‌ಗೆ ‘ಸರದಿಗೆ ಹೆಸರು ಬರೆಸುವುದು’ ಅನ್ನೋಣ ಅಂತ ನನ್ನ ಅಭಿಪ್ರಾಯ. ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ, ತಮ್ಮ ಸರದಿ ಎಷ್ಟನೆಯದು ಅಂತಲೂ ಕೇಳುತ್ತಾರೆ.

ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಈ ಬೀರುವಿಗೆ ‘ಶಾರ್ಟ್ ಲೋನ್’ ಅನ್ನುವುದು ರೂಢಿ. ಅಮೆರಿಕದವರು ಯಾರಿಗಾಗಿ ಇಟ್ಟಿದೆ ಅನ್ನುವುದನ್ನು ಹೆಸರು ಮಾಡಿದರು, ಇವರು ಎಷ್ಟು ಹೊತ್ತಿಗೆ ಕೊಡುತ್ತಾರೆ ಅನ್ನುವುದನ್ನು ಹೆಸರು ಮಾಡಿದರು. ನನಗೆ ಈ ದಾರಿ ಹೆಚ್ಚು ಹಿಡಿಸಿತು. ಕೌಂಟರಿಗೆ ಬಂದವರಿಗೆ ಮೊದಲು ಬೇಕಾಗಿದ್ದು ಇದೇ ಅಲ್ವಾ: ಸಿಗುತ್ತಾ, ಎಷ್ಟು ಹೊತ್ತಿಗೆ?

ಇದನ್ನು ಹೇಳಿದಾಗ ನಮ್ಮ ವಿಭಾಗದ ಹಿರಿಯರೊಬ್ಬರು ‘ಕೈಗಡ ಅನ್ನಮ್ಮ, ಇನ್ನೇನು ಬೇಕು’ ಅಂದರು. ಎಂಥ ಒಳ್ಳೆಯ ಪದ! ಸಾಲಕ್ಕೆ ಬಡ್ಡಿ, ಪತ್ರ ಎಲ್ಲ ಇರುತ್ತದೆ. ಕೈಗಡ ಹಾಗಲ್ಲ, ನಾಲ್ಕು ದಿನದ ಮಟ್ಟಿಗೆ, ನಂಬಿಕೆಯ ಮೇಲೆ. ಒಂದು ದಿನ ಪೂರ್ತಿ ಅದೇ ಸರಿ ಅಂದುಕೊಂಡಿದ್ದೆ. ಆಮೇಲೆ ಅಮ್ಮನ ಮಾತು ನೆನಪಾಯಿತು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಅಮ್ಮ ‘ಕಡ ತಂದೆ’ ಅನ್ನುತ್ತಿದ್ದರು. ಒನಕೆ ತಂದರೆ, ಮದುವೆಗೆ ಹೋಗಲು ಸರ ತಂದರೆ ‘ಎರವಲು’. ಕಡ ತಂದಿದ್ದು ಖರ್ಚಾಗುತ್ತದೆ, ಅಷ್ಟೇ ಅಳತೆಯ ಬೇರೆಯದನ್ನು ಕೊಡುತ್ತೇವೆ. ಎರವಲು ತಂದಿದ್ದನ್ನೇ, ಅದೇ ವಸ್ತುವನ್ನೇ, ಹಾಳು ಮಾಡದೆ ವಾಪಸ್ ಕೊಡಬೇಕು. ಪುಸ್ತಕ ಎರವಲಿನ ವಸ್ತು, ಕಡದ ವಸ್ತುವಲ್ಲ. ನಮ್ಮ ಗ್ರಂಥಾಲಯಗಳಿಗೆ ‘ಎರವಲು’ ಪದ ಆರಿಸಿದವರು ಯಾರೋ ಗೊತ್ತಿಲ್ಲ, ಅವರಿಗೆ ನನ್ನ ನಮಸ್ಕಾರ. ಮಕ್ಕಳು ಬಾಯಲ್ಲಿ ‘ಇಶ್ಯೂ’ ಅನ್ನುತ್ತಾರೆ ನಿಜ. ಆದರೆ ಬೋರ್ಡ್ ಮೇಲೆ ಎರವಲು ಅಂತ ಇದ್ದರೆ ಯಾರಿಗೂ ಅಡ್ಡಿಯಾಗಿಲ್ಲ.

ಹಾಗಾಗಿ ‘ಗಂಟೆ ಎರವಲು’ ಅಂತ ಒಂದು ಕಾಗದದಲ್ಲಿ ಬರೆದು ಅಂಟಿಸಿದೆ. ಇಲ್ಲಿ ಇನ್ನೊಂದು ಪಾಠ ಕಲಿತೆ.

ಪುಸ್ತಕದ ಕೊನೆಯಲ್ಲಿ ನಾವು ಅಂಟಿಸುವ ಚೀಟಿ ನೋಡಿರುತ್ತೀರಿ. ನಮ್ಮ ರಬ್ಬರ್ ಮೊಹರಿನಲ್ಲಿ ದಿನ, ತಿಂಗಳು, ವರ್ಷ ತಿರುಗಿಸುವ ಪಟ್ಟಿಗಳಿವೆ. ಗಂಟೆಗೆ ಪಟ್ಟಿ ಇಲ್ಲ. ಅದಕ್ಕೆ ನಾನು ತಾರೀಖಿನ ಮೊಹರು ಹೊಡೆದು, ಪಕ್ಕದಲ್ಲಿ ಕೆಂಪು ಪೆನ್ನಿನಿಂದ ‘2 ಗಂಟೆ’ ಅಂತ ಬರೆಯುತ್ತಿದ್ದೆ. ಒಂದು ದಿನ ಬೆಳಗ್ಗೆ 11ಕ್ಕೆ ಒಬ್ಬ ಹುಡುಗ ಪುಸ್ತಕ ತೆಗೆದುಕೊಂಡ. ಒಂದು ಗಂಟೆಗೆ ವಾಪಸ್ ಬರಬೇಕಿತ್ತು. ಬರಲಿಲ್ಲ. ಅದೇ ಪುಸ್ತಕಕ್ಕೆ ಇನ್ನೊಬ್ಬ ಹುಡುಗಿ ಊಟಕ್ಕೂ ಹೋಗದೆ ಕೌಂಟರಿನ ಮುಂದೆ ನಿಂತಿದ್ದಳು. ಎರಡಕ್ಕೆ ಸರಿಯಾಗಿ ಹುಡುಗ ಬಂದ. ದಂಡ ಅಂದಾಗ ಚೀಟಿ ತೋರಿಸಿದ: ‘2 ಗಂಟೆ ಅಂತ ನೀವೇ ಬರೆದಿದ್ದೀರಲ್ಲ ಮೇಡಂ, ಈಗ ಎರಡೇ ಗಂಟೆ.’ ಅವನು ಹೇಳಿದ್ದು ಸರಿ. ದಂಡ ಹಾಕಲಿಲ್ಲ. ಹುಡುಗಿಗೆ ಒಂದು ಗಂಟೆ ನಷ್ಟವಾಯಿತು, ಅದು ನನ್ನ ಬರಹದಿಂದ ಆಗಿದ್ದು.

ಗಂಟೆ ಅಂದರೆ ಗೋಡೆಯ ಗಡಿಯಾರ ತೋರಿಸುವ ಹೊತ್ತೂ ಹೌದು, ಅರವತ್ತು ನಿಮಿಷದ ಅವಧಿಯೂ ಹೌದು. ಮಾತಿನಲ್ಲಿ ‘ಗಂಟೆಗೆ’, ‘ಗಂಟೆ ಹೊತ್ತು’ ಅಂತ ಬಿಡಿಸಿಕೊಳ್ಳುತ್ತೇವೆ. ಚೀಟಿಯ ಮೇಲೆ ಅಷ್ಟು ಜಾಗ ಇಲ್ಲ. ಆಗ ನೆನಪಾಗಿದ್ದು ಧಾರವಾಡದ ಕಡೆಯ ‘ತಾಸು’. ಅವರು ‘ಎರಡು ತಾಸು ಕಾದೆ’ ಅನ್ನುತ್ತಾರೆ. ಬಸ್ಸು ‘ಎರಡು ಗಂಟೆಗೆ’ ಬರುತ್ತದೆ ಅನ್ನುತ್ತಾರೆ. ತಾಸು ಅಂದರೆ ಅವಧಿ ಮಾತ್ರ. ಎಷ್ಟು ಚೊಕ್ಕ! ಹಳೆಯ ಗಳಿಗೆಯೂ ಹೀಗೇ ಅವಧಿಯದ್ದೇ. ಒಂದು ಗಳಿಗೆಗೆ 24 ನಿಮಿಷ, ಐದು ಗಳಿಗೆ ಅಂದರೆ ಸರಿಯಾಗಿ ನಮ್ಮ ಎರಡು ಗಂಟೆ. ಆದರೆ ಈಗ ಅದನ್ನು ಯಾರೂ ಹಾಗೆ ಎಣಿಸುವುದಿಲ್ಲ. ತಾಸು ಹಾಗಲ್ಲ, ಅರ್ಧ ಕರ್ನಾಟಕದ ಬಾಯಲ್ಲಿ ಇವತ್ತಿಗೂ ಇದೆ. ನಾನು ಹಾಸನದ ಕಡೆಯವಳು, ನಮ್ಮ ಮನೆಯಲ್ಲಿ ತಾಸು ಅನ್ನುವುದಿಲ್ಲ, ಆದರೆ ಓದಿ ಕೇಳಿ ಗೊತ್ತು. ಈಗ ಚೀಟಿಯ ಮೇಲೆ ‘2 ತಾಸು’ ಅಂತಲೇ ಬರೆಯುತ್ತಿದ್ದೇನೆ. ರಾಯಚೂರಿನಿಂದ ಬಂದಿರುವ ಒಬ್ಬ ಹುಡುಗ ಅದನ್ನು ನೋಡಿ ಮುಖ ಅರಳಿಸಿದ. ‘ಮೇಡಂ, ನಮ್ಮ ಮಾತು ಬರದೀರಿ’ ಅಂದ.

ಹಾಗಾದರೆ ಕೊಡುವ ರೀತಿಗೆ ‘ತಾಸಿನ ಎರವಲು’. ಸಂಜೆ ಒಯ್ದು ಬೆಳಗ್ಗೆ ತರುವುದಕ್ಕೆ ‘ರಾತ್ರಿ ಎರವಲು’. ಇಷ್ಟರ ಮಟ್ಟಿಗೆ ನನಗೆ ಸಮಾಧಾನ ಇದೆ. ಆದರೆ ಪುಸ್ತಕಕ್ಕೇ ಒಂದು ಹೆಸರು ಬೇಕು. ಮೇಷ್ಟ್ರು ಪಟ್ಟಿ ಕೊಟ್ಟು ಹೇಳುವಾಗ ಏನನ್ನಬೇಕು? ಅದಕ್ಕೆ ನನ್ನ ಮನಸ್ಸಿನಲ್ಲಿರುವುದು ‘ಪಾಠಕ್ಕೆ ಎತ್ತಿಟ್ಟ ಪುಸ್ತಕ’.

ಎತ್ತಿಡು ಪದಕ್ಕೆ ಎರಡು ಮುಖ ಇದೆ. ‘ಹಬ್ಬದ ಪಾತ್ರೆ ಎತ್ತಿಟ್ಟೆ’ ಅಂದರೆ ಬಳಕೆಯಿಂದ ತೆಗೆದು ಅಟ್ಟಕ್ಕೆ ಹಾಕಿದೆ ಅಂತ. ‘ನಿನಗೆ ಎರಡು ಹೋಳಿಗೆ ಎತ್ತಿಟ್ಟಿದ್ದೀನಿ’ ಅಂದರೆ ನೀನು ತಡವಾಗಿ ಬಂದರೂ ನಿನ್ನ ಪಾಲು ಇದೆ ಅಂತ. ವ್ಯತ್ಯಾಸ ಮಾಡುವುದು ಆ ‘ಗೆ’, ಅಷ್ಟೇ. ಮೀಸಲಿನ ಜೊತೆಗೂ ‘ಗೆ’ ಬರುತ್ತದೆ, ಆದರೆ ಅಲ್ಲಿ ಅದು ಉಳಿದವರನ್ನು ಹೊರಗಿಡುತ್ತದೆ. ಎತ್ತಿಡುವುದರಲ್ಲಿ ಅದು ಬರಬೇಕಾದವರನ್ನು ನೆನೆಯುತ್ತದೆ. ಅದಕ್ಕೇ ಬರೀ ‘ಎತ್ತಿಟ್ಟ ಪುಸ್ತಕ’ ಸಾಲದು, ‘ಪಾಠಕ್ಕೆ’ ಇರಲೇಬೇಕು. ಇನ್ನೊಂದು ಅನುಕೂಲವೂ ಇದೆ. ಎತ್ತಿಡುವುದು ಸ್ವಲ್ಪ ಕಾಲಕ್ಕೆ. ಕೋಹಾದಲ್ಲಿ ಸೆಮಿಸ್ಟರ್ ಮುಗಿದ ಮೇಲೆ ಆ ಕೋರ್ಸನ್ನು ನಿಲ್ಲಿಸಿದರೆ, ಪುಸ್ತಕದ ಜಾಗ, ಕೊಡುವ ನಿಯಮ ಎಲ್ಲ ತಾವಾಗಿ ಹಳೆಯದಕ್ಕೆ ಮರಳುತ್ತವೆ. ಮೀಸಲು ಅಂದರೆ ಶಾಶ್ವತ ಅನ್ನಿಸುತ್ತದೆ, ಇದು ಹಾಗಲ್ಲ.

ಪುಸ್ತಕವಲ್ಲದ್ದಕ್ಕೆ, ಅಂದರೆ ಒಂದೊಂದು ಅಧ್ಯಾಯದ ಜೆರಾಕ್ಸ್, ಸ್ಕ್ಯಾನ್ ಮಾಡಿದ ಲೇಖನ, ಇವುಗಳಿಗೆ ಮಕ್ಕಳು ‘ಮೆಟೀರಿಯಲ್’ ಅನ್ನುತ್ತಾರೆ. ‘ಸಾಮಗ್ರಿ’ ಅಂದರೆ ಪೂಜೆಯದ್ದೋ ಮನೆ ಕಟ್ಟುವುದೋ ಅನ್ನಿಸುತ್ತದೆ. ನಾನು ‘ಪಾಠದ ಓದು’ ಅಂತ ಇಟ್ಟುಕೊಂಡಿದ್ದೇನೆ. ಇಂಥ ಪ್ರತಿಗಳ ಬಗ್ಗೆ ಹೆದರಿಕೆ ಇರುವವರಿಗೆ ಒಂದು ಮಾತು. 2012ರಲ್ಲಿ ಮೂರು ದೊಡ್ಡ ಪ್ರಕಾಶನ ಸಂಸ್ಥೆಗಳು ದೆಹಲಿ ವಿಶ್ವವಿದ್ಯಾಲಯದ ಮೇಲೂ, ಅದರ ಆವರಣದ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ಮೇಲೂ ಕೇಸು ಹಾಕಿದ್ದವು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ವಜಾ ಮಾಡಿತು. ಡಿಸೆಂಬರಿನಲ್ಲಿ ಇಬ್ಬರು ನ್ಯಾಯಾಧೀಶರ ಪೀಠ ಕೆಲವು ಅಂಶಗಳನ್ನು ಮತ್ತೆ ವಿಚಾರಣೆಗೆ ಕಳಿಸಿದರೂ ಹೇಳಿದ್ದು ಇದನ್ನೇ: ಪಾಠಕ್ಕೆ ಬೇಕಾದಷ್ಟನ್ನು ಪ್ರತಿ ಮಾಡುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲೇ ಅವಕಾಶ ಇದೆ. 2017ರಲ್ಲಿ ಪ್ರಕಾಶಕರು ಕೇಸು ಬಿಟ್ಟರು. ಅಲ್ಲೂ ಎಲ್ಲ ನಿಂತಿದ್ದು ‘ಪಾಠದ ಸಂದರ್ಭದಲ್ಲಿ’ ಅನ್ನುವ ಮಾತಿನ ಅರ್ಥ ಎಷ್ಟು ಅಗಲ ಅನ್ನುವುದರ ಮೇಲೆ.

ನನ್ನ ಪ್ರಶ್ನೆಗಳು ಇಷ್ಟು. ಮೈಸೂರು, ಮಂಗಳೂರಿನ ಕಡೆಯ ಮಕ್ಕಳು ‘ತಾಸಿನ ಎರವಲು’ ಓದಿ ತಡವರಿಸುತ್ತಾರಾ? ‘ಎತ್ತಿಟ್ಟ’ ಅನ್ನುವುದು ನಿಮ್ಮ ಊರಿನಲ್ಲಿ ಅಟ್ಟಕ್ಕೆ ಹಾಕಿದ್ದೋ, ಹೋಳಿಗೆ ಉಳಿಸಿದ್ದೋ? ‘ತೆಗೆದಿಟ್ಟ’ ಅಂದರೆ ಇನ್ನೂ ಸಲೀಸಾ? ಕರಾವಳಿಯಲ್ಲೋ, ಬೀದರಿನ ಕಡೆಯೋ ಇದಕ್ಕಿಂತ ಒಳ್ಳೆಯ ಮಾತು ಇದ್ದರೆ ದಯವಿಟ್ಟು ಕೊಡಿ.

ಸದ್ಯಕ್ಕೆ ಬೀರುವಿನ ಮೇಲೆ ಒಂದು ಬಿಳಿ ಹಾಳೆ ಅಂಟಿಸಿದ್ದೇನೆ: ‘ನಿಮ್ಮ ಪಾಠಕ್ಕೆ ಎತ್ತಿಟ್ಟ ಪುಸ್ತಕಗಳು. ಯಾರು ಬೇಕಾದರೂ ಕೇಳಿ. 2 ತಾಸು.’ ಪೇಂಟರ್ ಬರುವುದು ಮುಂದಿನ ಗುರುವಾರ.