ಸಹಾಯ ಬೇಕು: 182 ನಿಮಿಷದ ಸಿನಿಮಾ, ಡಿಸ್ಕ್‌ನಲ್ಲಿ 175!

ವೊಯ್ಚೆಕ್ ಹಾಸ್ ಅವರ ಪೋಲಿಷ್ ಚಿತ್ರ ‘ದಿ ಸರಗೋಸಾ ಮ್ಯಾನುಸ್ಕ್ರಿಪ್ಟ್’ (1965) ಹಳೇ ಡಿವಿಡಿ ಸಿಕ್ತು. ಪೂರ್ತಿ ಚಿತ್ರ 182 ನಿಮಿಷ, ನನ್ನ ಡಿಸ್ಕ್ 175ಕ್ಕೇ ಮುಗಿಯುತ್ತೆ. ಹೊರದೇಶಗಳಲ್ಲಿ ಕತ್ತರಿ ಹಾಕಿ ತೋರಿಸಿದ ಚಿತ್ರ ಬೇರೆ, ಅದೇ ಭಯ. ಕಥೆ ನೋಡಿ ಕಂಡುಹಿಡಿಯೋಣ ಅಂದ್ರೆ ಕಥೆಯೊಳಗೆ ಕಥೆ, ಅದರೊಳಗೆ ಇನ್ನೊಂದು. ನಾಯಕ ಮತ್ತೆ ಗಲ್ಲುಗಂಬದ ಕೆಳಗೇ ಕಣ್ಣು ಬಿಡ್ತಾನೆ. ಡಿಸ್ಕೇ ಹಾರಿತೇನೋ ಅಂತ ಎರಡು ಸಲ ಒರೆಸಿ ಹಾಕಿದೆ! ಲ್ಯಾಪ್‌ಟಾಪಲ್ಲೂ ಅದೇ 175.

ಕವರ್ ಮೇಲೆ ಪಾಲ್ (PAL, ಒಂದು ಟಿವಿ-ವಿಡಿಯೊ ಪದ್ಧತಿ) ಅಂತಿದೆ. ಸೆಕೆಂಡಿಗೆ 24 ಫ್ರೇಮಿನ ಚಿತ್ರ ಅದರಲ್ಲಿ 25ರ ವೇಗದಲ್ಲಿ ಓಡುತ್ತಲ್ಲ, ಲೆಕ್ಕ ಹಾಕಿದ್ರೆ 7 ನಿಮಿಷ ಅಲ್ಲೇ ಹೋಗುತ್ತೆ. ಆದರೂ ಮನಸ್ಸು ಒಪ್ತಿಲ್ಲ.

ಬ್ಲೂ-ರೇ ಇರೋರು ಯಾರಾದ್ರೂ ಹೇಳಿ: ಮೊದಲ ಭಾಗ ನಿಮ್ಮಲ್ಲಿ ಎಷ್ಟನೇ ನಿಮಿಷಕ್ಕೆ ಮುಗಿಯುತ್ತೆ? ನನ್ನದು ಬರೀ ವೇಗದ ವ್ಯತ್ಯಾಸವಾ, ಇಲ್ಲಾ ದೃಶ್ಯಾನೇ ಹೋಗಿದೆಯಾ?