ಸಮಸ್ಯೆ: ‘ಏಳನೆಪ್ಪತ್ತರಿಂ ಗುಣಿಸೆ ಸೊನ್ನೆ’

ತುಂಗಾತೀರ: ಈ ವಾರದ ಸಮಸ್ಯೆ ಮೇಲಿದೆ. ಅದೇ ಕೊನೆಯ ಸಾಲಾಗುವಂತೆ ಪದ್ಯ ಕುಸುಮ ಷಟ್ಪದಿಯಲ್ಲಿ (ಆರು ಸಾಲಿನ ಛಂದಸ್ಸು) ಬರಲಿ. ಸುಳಿವು: ಬೈಬಲಿನ ಮತ್ತಾಯ 18, ಏಳೆಪ್ಪತ್ತು ಸಲ ಕ್ಷಮಿಸು ಅಂತ ಯೇಸು ಪೇತ್ರನಿಗೆ ಹೇಳುವ ಅಧ್ಯಾಯ. ಉತ್ತರ 490 ಅಂತ ಯಾರೂ ತಿದ್ದಬೇಡಿ!

ಬಲ್ಮಠದವ:
ಕೇಳಿದನು ಪೇತ್ರನೀ
ತಾಳುಮೆಗೆ ಮಿತಿಯೆಲ್ಲಿ?
ಏಳು ಸಲ ಮನ್ನಿಸಲು ಸಾಕೆ ಗುರುವೇ?
ಹೇಳಿದನು ಯೇಸು: ಹಗೆ
ಆಳದಲ್ಲಳಿದಂದು
ಏಳನೆಪ್ಪತ್ತರಿಂ ಗುಣಿಸೆ ಸೊನ್ನೆ

ಹಳೆಹೊನ್ನು: ‘ಏಳು’, ‘ಹೇಳು’, ‘ಆಳ’ ರಳ (ಹಳಗನ್ನಡದ ೞ). ‘ಕೇಳು’, ‘ತಾಳು’ ಕುಳ (ಮಾಮೂಲಿ ಳ). ಎರಡೂ ಬೆರೆತು ಪ್ರಾಸ ಕೆಟ್ಟಿತು. ಹೋದ ಸಲವೂ ನಿಮಗೆ ಇದನ್ನೇ ಹೇಳಿದ್ದೆ.

ಬಲ್ಮಠದವ: ರಳ ನಾಲಿಗೆಯಿಂದಲೇ ಹೋಗಿ ಎಷ್ಟು ಕಾಲವಾಯಿತು! ಹರಿಹರನೇ ಆ ಗೊಡವೆ ಬಿಟ್ಟ. ನಿಮಗ್ಯಾಕೆ ಸ್ವಾಮಿ?

ಹಳೆಹೊನ್ನು: ‘ಎಪ್ಪತ್ತರಿಂ’, ‘ಗುಣಿಸೆ’ ಅನ್ನೋಕೆ ಹಳಗನ್ನಡ ಬೇಕು, ಪ್ರಾಸಕ್ಕೆ ಬೇಡವಾ? ಹಳಗನ್ನಡದ ಛಂದಸ್ಸಿನ ಗ್ರಂಥ ಛಂದೋಂಬುಧಿಯನ್ನು 1875ರಲ್ಲಿ ನಿಮ್ಮ ಮಂಗಳೂರಿನಲ್ಲೇ ಅಚ್ಚು ಹಾಕಿಸಿದ್ದು ನಿಮ್ಮ ಕಿಟೆಲ್. ಅವರ 1894ರ ನಿಘಂಟು ತೆಗೆದು ನೋಡಿ. ಎರಡು ಳ ಬೇರೆ ಬೇರೆ ಇವೆ.

ಬಲ್ಮಠದವ: ಕಿಟೆಲ್ ನಮ್ಮೊಬ್ಬರ ಆಸ್ತಿಯಲ್ಲ. ಕನ್ನಡದವರೆಲ್ಲರ ಆಸ್ತಿ.

ಮಲ್ಲಿಗೆಮೊಗ್ಗು: ನನ್ನದೂ ಒಂದು, ಅದೇ ಅಧ್ಯಾಯದ ಸಾಲಗಾರ ಆಳಿನ ಕತೆ.
ಆಳ ಸಾಲವನರಸ
ಗೋಳ ಕೇಳುತ ಬಿಡಲು
ಆಳದನು ಮರೆತು ಜೊತೆಯವನ ಹಿಡಿದ
ಕೇಳೆ ನಾನೂ ಬಿಡುವೆ
ನಾಳೆಗಿಡೆನೀ ಕೋಪ
ಏಳನೆಪ್ಪತ್ತರಿಂ ಗುಣಿಸೆ ಸೊನ್ನೆ

ತುಂಗಾತೀರ: ಚೆನ್ನಾಗಿದೆ.

ಬಲ್ಮಠದವ: ‘ನಾಳೆಗಿಡೆನೀ ಕೋಪ’ ಸರಿಯಾದ ಜಾಗಕ್ಕೆ ತಾಗಿತು. ಸಿಟ್ಟೇ ಬರಬಾರದು ಅಂತ ಬೈಬಲಿನ ಪೌಲ ಎಫೆಸ ಊರಿನ ಕ್ರೈಸ್ತರಿಗೆ ಬರೆಯಲಿಲ್ಲ. ಹೊತ್ತು ಮುಳುಗುವುದರೊಳಗೆ ತೀರಲಿ ಅಂದ. ನಾವು ಅದನ್ನು ವರ್ಷಗಟ್ಟಲೆ ಸಾಕುತ್ತೇವೆ. ಅಂದಹಾಗೆ ‘ಆಳು’, ‘ನಾಳೆ’ ಎರಡೂ ಕುಳ. ಹಳೆಹೊನ್ನು ಅವರು ಇಲ್ಲಿ ಯಾಕೆ ಸುಮ್ಮನಿದ್ದಾರೆ?

ಹಳೆಹೊನ್ನು: ಸುಮ್ಮನಿರಲಿಲ್ಲ, ಬರೆಯುತ್ತಿದ್ದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಗಂಡುಮಕ್ಕಳನ್ನೂ ಮಲಗಿದ್ದ ವಾಹನದಲ್ಲೇ ಸುಟ್ಟರು. ಹೆಂಡತಿ ಗ್ಲ್ಯಾಡಿಸ್ ಕೊಂದವರನ್ನು ಕ್ಷಮಿಸಿದರು. ಬಾರಿಪದದ ಕುಷ್ಠರೋಗಿಗಳ ಸೇವೆಯನ್ನೂ ಬಿಡಲಿಲ್ಲ. ಆರೂ ಪಾದ ರಳ, ನೋಡಿಕೊಳ್ಳಿ.
ಹಾಳುಗೈದರು ಮನೆಯ
ಬೀಳದೆಯೆ ನಿಂತವಳು
ಹೇಳಿದಳು ‘ಮನ್ನಿಸಿದೆ, ಹಗೆಯು ಬೇಡ’
ಬಾಳನೇ ರೋಗಿಗಳ
ಏಳಿಗೆಗೆ ಕೊಟ್ಟಾಕೆ
ಏಳನೆಪ್ಪತ್ತರಿಂ ಗುಣಿಸೆ ಸೊನ್ನೆ

ಮಲ್ಲಿಗೆಮೊಗ್ಗು: 🙏

ಬಲ್ಮಠದವ: ಪ್ರಾಸಕ್ಕೆ ತಲೆಬಾಗಿದೆ. ಆದರೆ ‘ಮನ್ನಿಸಿದೆ’ ಅಂದ ಮೇಲೆ ‘ಹಗೆಯು ಬೇಡ’ ಯಾಕೆ? ಪಾದ ತುಂಬಿಸೋಕೆ ಬಂತು ಅಲ್ವಾ?

ಹಳೆಹೊನ್ನು: ಅಲ್ಲ. ಬಾಯಲ್ಲಿ ಮನ್ನಿಸಿ ಒಳಗೆ ಹಗೆ ಇಟ್ಟುಕೊಂಡವರು ಬೇಕಾದಷ್ಟು ಜನ. ಸುಳಿವಿನ ಮತ್ತಾಯ 18ರ ಕೊನೆಯಲ್ಲೇ ಹೃದಯದಿಂದ ಕ್ಷಮಿಸಬೇಕು ಅಂತಿದೆ, ಓದಿ. ಆ ಪದ ತೆಗೆಯಲ್ಲ.